ಡಾಲ್ಫಿನ್‌ಗಳ ತಾಯಿಬಳಿ

ಬರ್ಲಿನ್ನಿನ ನಿಸರ್ಗ ವಸ್ತುಸಂಗ್ರಹಾಲಯದಲ್ಲಿ ಕೆಂಪು ಸಮುದ್ರದಿಂದ ಒಯ್ದ ಒಂದು ಡಾಲ್ಫಿನ್ ತಲೆಬುರುಡೆಯಿದೆ. 1820ರ ದಶಕದಲ್ಲಿ ಎಹ್ರೆನ್‌ಬರ್ಗ್, ಹೆಂಪ್ರಿಖ್ ಎಂಬ ಇಬ್ಬರು ಜರ್ಮನ್ ಗೆಳೆಯರು ಈಜಿಪ್ಟಿನಿಂದ ಕೆಂಪು ಸಮುದ್ರದ ತನಕ ವರ್ಷಗಟ್ಟಲೆ ಅಲೆದು ಸಾವಿರಾರು ಪ್ರಾಣಿ, ಸಸ್ಯಗಳ ಮಾದರಿ ಕಲೆಹಾಕಿದರು. ಹೆಂಪ್ರಿಖ್ 1825ರಲ್ಲಿ ಮಸ್ಸಾವ ಬಂದರಿನಲ್ಲಿ ಜ್ವರಕ್ಕೆ ಬಲಿಯಾದ. ಊರಿಗೆ ಮರಳಿದ ಎಹ್ರೆನ್‌ಬರ್ಗ್ ಈ ಬುರುಡೆಯನ್ನು ಇಟ್ಟುಕೊಂಡು ‘ಅಡಂಕಸ್’ ಎಂಬ ಹೊಸ ಡಾಲ್ಫಿನ್ ಪ್ರಭೇದವನ್ನು ಹೆಸರಿಸಿದ. ಆಮೇಲೆ ಬಹುಕಾಲ ಆ ಹೆಸರಿಗೆ ಮನ್ನಣೆ ಸಿಗಲಿಲ್ಲ. ಜಗತ್ತಿನ ಬಾಟಲಿಮೂತಿಯ ಡಾಲ್ಫಿನ್‌ಗಳೆಲ್ಲ ಒಂದೇ ಪ್ರಭೇದ, ಕಡಲಿಂದ ಕಡಲಿಗೆ ಗಾತ್ರವೂ ಬಣ್ಣವೂ ತುಸು ಬದಲಾಗುತ್ತವೆ ಅಷ್ಟೆ ಎಂಬುದು ಹೆಚ್ಚಿನವರ ಅಭಿಪ್ರಾಯವಾಗಿತ್ತು.

1999ರಲ್ಲಿ ಚೀನಾ ಮತ್ತು ತೈವಾನ್ ಸುತ್ತಲಿನ ಕಡಲಿನಿಂದ ಒಂದು ಸುದ್ದಿ ಬಂತು. ಅಲ್ಲಿ ಎರಡು ಬಗೆಯ ಬಾಟಲಿಮೂತಿಗಳು ಒಂದೇ ನೀರಿನಲ್ಲಿ ಓಡಾಡಿಕೊಂಡಿದ್ದವು. ಒಂದು ದಪ್ಪ ಮೈಯ, ಮೋಟು ಮೂತಿಯ ಜಾತಿ. ಇನ್ನೊಂದು ಸಪೂರ ಮೈಯದು, ಮೂತಿ ಉದ್ದ, ವಯಸ್ಸಾದಂತೆ ಹೊಟ್ಟೆಯ ಮೇಲೆ ಚುಕ್ಕೆಗಳು ಮೂಡುತ್ತವೆ. ಎರಡರಲ್ಲೂ ತಾಯಿಯಿಂದಷ್ಟೇ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಓದಿ ನೋಡಿದರೆ ಒಂದು ಗುಂಪಿನಲ್ಲಿ ಕಂಡ ಮಾದರಿ ಇನ್ನೊಂದರಲ್ಲಿ ಒಂದೂ ಇರಲಿಲ್ಲ. ಒಂದೇ ನೀರಿನಲ್ಲಿದ್ದೂ ಹೆಣ್ಣುಗಳ ವಂಶ ಬೆರೆತಿಲ್ಲವೆಂದಾದರೆ ಅವು ಬೇರೆ ಬೇರೆ ಪ್ರಭೇದಗಳೇ ಆಗಿರಬೇಕು. ಹಾಗಾದರೆ ಚುಕ್ಕೆ ಹೊಟ್ಟೆಯದಕ್ಕೆ ಹೆಸರೇನು? ಎಹ್ರೆನ್‌ಬರ್ಗ್ ಇಟ್ಟ ಹೆಸರು ಇದಕ್ಕೇ ಸಲ್ಲುತ್ತದೆಯೇ, ಅಥವಾ ಆತನ ಕೈಗೆ ಸಿಕ್ಕಿದ್ದು ದಪ್ಪ ಜಾತಿಯದೇ ಬುರುಡೆಯೇ? ಪ್ರಾಣಿಶಾಸ್ತ್ರದ ನಿಯಮದಂತೆ, ಹೆಸರಿಡುವಾಗ ಮುಂದಿಟ್ಟುಕೊಂಡ ಮಾದರಿಯೇ ಆ ಹೆಸರಿನ ಒಡೆಯ. ಅದನ್ನೇ ವಿಚಾರಿಸದೆ ಬೇರೆ ದಾರಿಯಿರಲಿಲ್ಲ.

ವಿಲಿಯಂ ಪೆರಿನ್ ಮತ್ತು ಸಂಗಡಿಗರು ಬರ್ಲಿನ್ನಿನ ಬುರುಡೆಯನ್ನು ಅಳೆದರು, ಅದರಿಂದ ಮೈಟೊಕಾಂಡ್ರಿಯಾದ ಡಿಎನ್‌ಎ ತೆಗೆದು ಓದಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಬುರುಡೆ ಚುಕ್ಕೆ ಹೊಟ್ಟೆಯ ಜಾತಿಯದೇ, ಹೆಸರು ಸರಿಯಾಗಿಯೇ ಇದೆ. ಪ್ರಾಣಿ ಸತ್ತು ನೂರಾ ಎಂಬತ್ತು ವರ್ಷಗಳಾಗಿದ್ದರೂ ಅದರ ತಾಯಿಯ ಕಡೆಯ ಗುರುತು ಮೂಳೆಯೊಳಗೆ ಉಳಿದಿತ್ತು. ಭಾರತದ ಕರಾವಳಿಯ ಉದ್ದಕ್ಕೂ, ನಮ್ಮ ಕರ್ನಾಟಕದ ದಂಡೆಯ ಹತ್ತಿರವೂ ಕಾಣಿಸಿಕೊಳ್ಳುವ ಬಾಟಲಿಮೂತಿ ಇದೇ ಅಡಂಕಸ್.

ಇಷ್ಟು ಹಳೆಯ ಮೂಳೆಯಲ್ಲಿ ಈ ಡಿಎನ್‌ಎ ಉಳಿದದ್ದೇಕೆ ಎಂಬುದಕ್ಕೆ ಉತ್ತರ ಜೀವಕೋಶದ ರಚನೆಯಲ್ಲಿದೆ. ಕೋಶದ ನಡುವಿನ ಕೇಂದ್ರದಲ್ಲಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಹೀಗೆ ಡಿಎನ್‌ಎಯ ಎರಡು ಪ್ರತಿಗಳಿರುತ್ತವೆ. ಡಾಲ್ಫಿನ್‌ಗಳಲ್ಲಿ ಅದರ ಒಂದೊಂದು ಪ್ರತಿಯೂ ಇನ್ನೂರು ಕೋಟಿ ಅಕ್ಷರಗಳಿಗಿಂತ ದೊಡ್ಡದು. ಕೇಂದ್ರದ ಹೊರಗೆ, ಉಸಿರಾಡಿದ ಆಮ್ಲಜನಕವನ್ನು ಬಳಸಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳಿವೆ. ಅವಕ್ಕೆ ಅವುಗಳದೇ ಆದ ಪುಟ್ಟ, ಉಂಗುರದಾಕಾರದ ಡಿಎನ್‌ಎ ಇದೆ. ಡಾಲ್ಫಿನ್‌ಗಳಲ್ಲಿ ಅದರ ಉದ್ದ ಸುಮಾರು 16,400 ಅಕ್ಷರ, ಅದರಲ್ಲಿರುವ ವಂಶವಾಹಿಗಳು 37. ಒಂದೊಂದು ಕೋಶದಲ್ಲೂ ಈ ಉಂಗುರದ ನೂರಾರು, ಸಾವಿರಾರು ಪ್ರತಿಗಳಿರುವುದರಿಂದ ಹಳೆಯ ಹಲ್ಲಿನಲ್ಲೋ ದಂಡೆಗೆ ಬಿದ್ದು ಕೊಳೆತ ಕಳೇಬರದಲ್ಲೋ ಕೆಲವಾದರೂ ಉಳಿದಿರುವ ಸಾಧ್ಯತೆ ಹೆಚ್ಚು.

ಮುಖ್ಯ ವಿಷಯವೆಂದರೆ ಇದು ತಾಯಿಯಿಂದ ಮಾತ್ರ ಬರುತ್ತದೆ. ವೀರ್ಯಾಣುವಿನಲ್ಲೂ ಮೈಟೊಕಾಂಡ್ರಿಯಾ ಇರುತ್ತದೆ, ಬಾಲ ಬಡಿದು ಈಜಲು ಅದು ಬೇಕೇ ಬೇಕು. ಆದರೆ ಅಂಡಾಣುವಿನ ಒಳಹೊಕ್ಕ ಮೇಲೆ ಅದನ್ನು ಗುರುತಿಸಿ ನಾಶಮಾಡಲಾಗುತ್ತದೆ. ತುಳುನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಅಳಿಯಸಂತಾನದ ಮನೆತನಗಳಲ್ಲಿ ಬಳಿ ಬರುವುದು ತಾಯಿಯಿಂದ. ಗಂಡುಮಗನಿಗೂ ತಾಯಿಯ ಬಳಿಯೇ ಇರುತ್ತದೆ, ಆದರೆ ಅವನ ಮಕ್ಕಳಿಗೆ ಅದು ದಾಟುವುದಿಲ್ಲ, ಅವರದು ಅವರ ತಾಯಿಯ ಬಳಿ. ಮೈಟೊಕಾಂಡ್ರಿಯಾದ ಡಿಎನ್‌ಎ ಸಾಗುವುದು ಅಕ್ಷರಶಃ ಇದೇ ದಾರಿಯಲ್ಲಿ. ಅಪ್ಪನ ಕಡೆಯದರೊಂದಿಗೆ ಕಲಸಿಹೋಗದ ಕಾರಣ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಹಿಂದೆ ಹಿಂದೆ ಹೋಗುವುದು ಸಲೀಸು. ನಡುನಡುವೆ ಒಂದೊಂದು ಅಕ್ಷರ ತಪ್ಪಿ ಬದಲಾಗುತ್ತದೆ, ಆ ಬದಲಾವಣೆ ಮುಂದಿನ ಎಲ್ಲ ಹೆಣ್ಣುಪೀಳಿಗೆಗೂ ಸಾಗುತ್ತದೆ. ಎರಡು ಪ್ರಾಣಿಗಳ ನಡುವೆ ಎಷ್ಟು ಅಕ್ಷರ ವ್ಯತ್ಯಾಸವಿದೆ ಎಂದು ಎಣಿಸಿದರೆ ಅವುಗಳ ಸಮಾನ ಮೂಲತಾಯಿ ಎಷ್ಟು ಹಿಂದಿನವಳು ಎಂದು ಅಂದಾಜು ಮಾಡಬಹುದು.

ಕಡಲಿನ ಡಾಲ್ಫಿನ್ ಕುಟುಂಬಕ್ಕೆ ಇಂಥ ಸಾಕ್ಷಿ ತೀರಾ ಅಗತ್ಯವಾಗಿತ್ತು. ತಿಮಿಂಗಿಲಗಳ ಇಡೀ ಬಳಗದಲ್ಲಿ ಅತಿ ದೊಡ್ಡ ಕುಟುಂಬ ಇದೇ, ಸುಮಾರು 37 ಪ್ರಭೇದಗಳಿವೆ. ಕೊಲೆಗಾರ ತಿಮಿಂಗಿಲವೆಂದು ಕರೆಸಿಕೊಳ್ಳುವ ಓರ್ಕಾ ಕೂಡ ಇದರೊಳಗಿನದೇ. ಇಷ್ಟೆಲ್ಲ ಪ್ರಭೇದಗಳು ಕವಲೊಡೆದದ್ದು ಸುಮಾರು ಒಂದು ಕೋಟಿ ವರ್ಷಗಳಲ್ಲಿ, ಅದರಲ್ಲೂ ಹಲವು ತೀರಾ ಈಚೆಗೆ. ವಿಕಾಸದ ಲೆಕ್ಕದಲ್ಲಿ ಇದು ಅವಸರದ ಕೆಲಸ. ನೀರಿನಲ್ಲಿ ವೇಗವಾಗಿ ಈಜಬೇಕಾದ ಪ್ರಾಣಿಗೆ ಮೈಕಟ್ಟಿನ ಆಯ್ಕೆಗಳೂ ಹೆಚ್ಚಿಲ್ಲ. ಹಾಗಾಗಿ ನಂಟಿಲ್ಲದವು ಒಂದೇ ಥರ ಕಾಣುತ್ತವೆ, ಒಡಹುಟ್ಟಿನಂಥವು ಬೇರೆ ಥರ ಕಾಣುತ್ತವೆ.

1999ರಲ್ಲೇ ಅಮೆರಿಕದ ಲೆಡಕ್, ಪೆರಿನ್, ಡೈಜನ್ ಈ ಕುಟುಂಬದ ಬಹುಪಾಲು ಪ್ರಭೇದಗಳಿಂದ ಸೈಟೊಕ್ರೋಮ್ ಬಿ ಎಂಬ ಮೈಟೊಕಾಂಡ್ರಿಯಾದ ವಂಶವಾಹಿಯನ್ನು, ಅದರ 1,140 ಅಕ್ಷರಗಳನ್ನೂ, ಪೂರ್ತಿ ಓದಿ ವಂಶವೃಕ್ಷ ಬರೆದರು. ಪುಸ್ತಕಗಳಲ್ಲಿದ್ದ ಕುಲಗಳಲ್ಲಿ ಹಲವು ಒಡೆದುಹೋದವು. ಮೈಬದಿಯ ಬಿಳಿ ಪಟ್ಟೆ ನೋಡಿ ಒಂದೇ ಕುಲವೆಂದು ಕೂಡಿಸಿದ್ದ ಆರು ಪ್ರಭೇದಗಳು ಬೇರೆ ಬೇರೆ ಕೊಂಬೆಗಳಿಗೆ ಹೋದವು. ಚಿಲಿಕಾ ಸರೋವರದ ಐರಾವದಿ ಡಾಲ್ಫಿನ್‌ನ ಗುಂಡು ತಲೆ ನೋಡಿ ಕೆಲವರು ಅದನ್ನು ಆರ್ಕ್‌ಟಿಕ್‌ನ ಬೆಲುಗಾ ತಿಮಿಂಗಿಲದ ಜೊತೆ ಸೇರಿಸಿದ್ದರು, ಅದು ಡಾಲ್ಫಿನ್ ಕುಟುಂಬದ ಒಳಗಿನದೇ ಎಂದಾಯಿತು. ಬರ್ಲಿನ್ ಬುರುಡೆಯ ಅಡಂಕಸ್ ಅಂತೂ ಇನ್ನೊಂದು ಬಾಟಲಿಮೂತಿಗಿಂತ ‘ಚುಕ್ಕೆ ಡಾಲ್ಫಿನ್’, ‘ಸಾಮಾನ್ಯ ಡಾಲ್ಫಿನ್’ ಎಂಬ ಬೇರೆಯೇ ಜಾತಿಗಳಿಗೆ ಹತ್ತಿರವೆಂದು ಈ ಮರ ಹೇಳಿತು. ಈ ಕೊನೆಯ ಮಾತಿನ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ನದಿಯ ಡಾಲ್ಫಿನ್‌ಗಳ ಕಥೆ ಇನ್ನೂ ದೊಡ್ಡದು. ಗಂಗೆ, ಸಿಂಧು, ಚೀನಾದ ಯಾಂಗ್ಟ್ಸೆ, ಅಮೆಜಾನ್ ಈ ಎಲ್ಲ ನದಿಗಳ ಡಾಲ್ಫಿನ್‌ಗಳಿಗೂ ನೀಳ ಮೂತಿ, ಸಣ್ಣ ಕಣ್ಣು, ಅಗಲ ಈಜುರೆಕ್ಕೆ, ಅತ್ತಿತ್ತ ತಿರುಗುವ ಕುತ್ತಿಗೆ. ಒಂದೇ ಬಳಗವೆಂದು ಬಹಳ ದಿನ ನಂಬಿದ್ದು ಸಹಜವೇ. 2000 ಮತ್ತು 2001ರಲ್ಲಿ ಬಂದ ಎರಡು ಡಿಎನ್‌ಎ ಅಧ್ಯಯನಗಳು ಆ ನಂಬಿಕೆಯನ್ನು ಕೆಡವಿದವು. ಅಮೆಜಾನಿನ ಗುಲಾಬಿ ಡಾಲ್ಫಿನ್‌ಗೆ ಗಂಗೆಯದು ದೂರದ ನೆಂಟ, ನಮ್ಮ ಕಡಲಿನ ಬಾಟಲಿಮೂತಿಯೇ ಹತ್ತಿರದ್ದು! ಗಂಗೆ, ಸಿಂಧುಗಳದು ಎಂದೋ ಕವಲೊಡೆದ, ಈಗ ಒಂಟಿಯಾಗಿ ಉಳಿದ ಪ್ರಾಚೀನ ವಂಶ. ಕೆಸರು ನೀರಿನಲ್ಲಿ ಕಣ್ಣು ಉಪಯೋಗಕ್ಕೆ ಬಾರದು, ತಳದ ಕೆಸರಿನಲ್ಲಿ ಮೀನು ಹಿಡಿಯಲು ನೀಳ ಮೂತಿ ಬೇಕು. ಬೇರೆ ಬೇರೆ ಖಂಡಗಳ ನದಿಗಳು ಬೇರೆ ಬೇರೆ ಪ್ರಾಣಿಗಳಲ್ಲಿ ಅದೇ ರೂಪವನ್ನು ಮೂಡಿಸಿದವು. ಯಾಂಗ್ಟ್ಸೆಯ ಡಾಲ್ಫಿನ್ ಆದ ಬೈಜಿಯನ್ನು 2006ರಲ್ಲಿ ನದಿಯುದ್ದಕ್ಕೂ ಹುಡುಕಿದರೂ ಒಂದೂ ಸಿಗಲಿಲ್ಲ. ಅದರ ಜೊತೆ ಒಂದಿಡೀ ಕುಟುಂಬವೇ ಹೋಯಿತು. ಗಂಗೆ, ಸಿಂಧುಗಳ ಡಾಲ್ಫಿನ್ ಹೋದರೆ ಹೋಗುವುದೂ ಅಂಥದೇ ಒಂದು ಕೊಂಬೆ. 2009ರಲ್ಲಿ ಗಂಗೆಯ ಡಾಲ್ಫಿನ್ ಅನ್ನು ರಾಷ್ಟ್ರೀಯ ಜಲಚರವೆಂದು ಸಾರಿದಾಗ ಈ ವಂಶದ ಮಾತು ಜನರಿಗೆ ಹೆಚ್ಚು ತಲುಪಲಿಲ್ಲ ಎಂಬುದು ನನಗೆ ಇಂದಿಗೂ ಇರುವ ಬೇಸರ.

ಸಿಂಧೂ ನದಿಯದೂ ಗಂಗೆಯದೂ ಒಂದೇ ಪ್ರಭೇದವೆಂದು 1990ರ ದಶಕದ ಕೊನೆಗೆ ಒಪ್ಪಿಕೊಂಡಿದ್ದರು. ಗಿಲ್ ಬ್ರಾಲಿಕ್ ಮತ್ತು ಜೊತೆಗಾರರು ಸಂಗ್ರಹಾಲಯಗಳಲ್ಲಿದ್ದ ಹಳೆಯ ಮೂಳೆ, ಹಲ್ಲುಗಳಿಂದಲೂ ಮಾದರಿ ತೆಗೆದು 2014ರಲ್ಲಿ ಮೈಟೊಕಾಂಡ್ರಿಯಾದ ಹೋಲಿಕೆ ಮುಂದಿಟ್ಟರು. ಎರಡು ನದಿಗಳ ನಡುವೆ ಒಂದೂ ತಾಯಿವಂಶ ಸಮಾನವಾಗಿರಲಿಲ್ಲ. ಬೇರ್ಪಟ್ಟದ್ದು ಸುಮಾರು ಐದೂವರೆ ಲಕ್ಷ ವರ್ಷಗಳ ಹಿಂದೆ ಎಂಬುದು ಅವರ ಅಂದಾಜು, ಆದರೆ ಆ ಅಂದಾಜಿನ ಎರಡೂ ಬದಿಯಲ್ಲಿ ಲಕ್ಷಾಂತರ ವರ್ಷಗಳ ಸಡಿಲಿಕೆ ಇದೆ. ಬುರುಡೆಯ ಅಳತೆಗಳನ್ನೂ ಸೇರಿಸಿ 2021ರಲ್ಲಿ ಅವು ಎರಡು ಪ್ರಭೇದಗಳೆಂದು ಪ್ರಕಟಿಸಿದರು. ಪಂಜಾಬಿನ ಬಿಯಾಸ್ ನದಿಯಲ್ಲಿ ಉಳಿದ ಬೆರಳೆಣಿಕೆಯ ಡಾಲ್ಫಿನ್‌ಗಳು ಸಿಂಧೂ ಪ್ರಭೇದದವು. 2025ರಲ್ಲಿ ಬಿಡುಗಡೆಯಾದ ದೇಶದ ನದಿ ಡಾಲ್ಫಿನ್ ಗಣತಿ ಒಟ್ಟು 6,327 ಎಂದು ಹೇಳಿತು, ಅದರಲ್ಲಿ ಬಿಯಾಸ್‌ನವು ಮೂರೇ ಮೂರು. ಒಂದೇ ಪ್ರಭೇದವೆಂದು ಲೆಕ್ಕ ಹಾಕಿದರೆ ಈ ಮೂರು ದೊಡ್ಡ ಮೊತ್ತದಲ್ಲಿ ಕರಗಿಹೋಗುತ್ತವೆ. ಬೇರೆ ಪ್ರಭೇದವೆಂದರೆ ಭಾರತದಲ್ಲಿ ಅದರ ಒಟ್ಟು ಉಳಿಕೆಯೇ ಅಷ್ಟು.

ಇಷ್ಟು ಓದಿದವರಿಗೆ ಮೈಟೊಕಾಂಡ್ರಿಯಾ ಹೇಳಿದ್ದೇ ಅಂತಿಮ ಅನ್ನಿಸಬಹುದು. ಹಾಗೆ ನಂಬುವುದು ಅಪಾಯ. 1985ರಲ್ಲಿ ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಕೆಕೈಮಾಲು ಎಂಬ ಹೆಣ್ಣುಮರಿ ಹುಟ್ಟಿತು. ತಾಯಿ ಬಾಟಲಿಮೂತಿಯ ಡಾಲ್ಫಿನ್, ತಂದೆ ಅದಕ್ಕಿಂತ ಎಷ್ಟೋ ದೊಡ್ಡದಾದ ಹುಸಿ ಓರ್ಕಾ. ತಾಯಿಗೆ 88 ಹಲ್ಲು, ತಂದೆಗೆ 44, ಮಗಳಿಗೆ ಸರಿಯಾಗಿ ನಡುವಿನ 66. ಮೈಬಣ್ಣ, ಗಾತ್ರ ಎಲ್ಲದರಲ್ಲೂ ಇಬ್ಬರ ಪಾಲೂ ಎದ್ದು ಕಾಣುತ್ತಿತ್ತು. ಬೆಳೆದ ಮೇಲೆ ಅವಳಿಗೂ ಮರಿಗಳಾದವು. ಆದರೆ ಅವಳ ಮೈಟೊಕಾಂಡ್ರಿಯಾದಲ್ಲಿ ತಂದೆಯ ಸುಳಿವೇ ಇರಲು ಸಾಧ್ಯವಿಲ್ಲ. ಅದೊಂದನ್ನೇ ಓದಿದವರು ಇವಳು ಅಪ್ಪಟ ಬಾಟಲಿಮೂತಿ ಎಂದು ಬರೆದುಕೊಂಡು ಹೋಗುತ್ತಾರೆ.

ತೆರೆದ ಕಡಲಿನಲ್ಲಿ ಇಂಥದ್ದು ನಡೆದು, ಅದರ ಸಂತಾನ ಪ್ರಭೇದವಾಗಿಯೇ ನೆಲೆನಿಂತದ್ದುಂಟೇ? ಅಟ್ಲಾಂಟಿಕ್‌ನ ಕ್ಲೈಮೀನಿ ಡಾಲ್ಫಿನ್ ಬಗ್ಗೆ ಅನಾ ಅಮರಲ್ ಮತ್ತು ಜೊತೆಗಾರರು 2014ರಲ್ಲಿ ಉಂಟು ಎಂದರು. ಆಕಾರದಲ್ಲಿ ಅದು ಗಿರಕಿ ಹೊಡೆದು ಹಾರುವ ಸ್ಪಿನ್ನರ್ ಡಾಲ್ಫಿನ್‌ನಂತೆ. ಕೋಶಕೇಂದ್ರದ ಡಿಎನ್‌ಎಯೂ ಅತ್ತಲೇ ವಾಲುತ್ತದೆ. ಮೈಟೊಕಾಂಡ್ರಿಯಾ ಮಾತ್ರ ಪಟ್ಟೆ ಡಾಲ್ಫಿನ್‌ನ ಕಡೆ ಬೊಟ್ಟು ಮಾಡುತ್ತದೆ. ಎರಡು ಪ್ರಭೇದಗಳ ಬೆರಕೆಯಿಂದಲೇ ಮೂರನೆಯದು ಹುಟ್ಟಿದೆ ಎಂಬುದು ಅವರು ಕೊಟ್ಟ ವಿವರಣೆ. ಎರಡು ಸಾಕ್ಷಿಗಳ ಹೇಳಿಕೆ ಹೊಂದದೇ ಇದ್ದುದರಿಂದಲೇ ಈ ಸಂಗತಿ ಹೊರಬಂತು. ಬಾಟಲಿಮೂತಿ, ಚುಕ್ಕೆ ಡಾಲ್ಫಿನ್, ಸಾಮಾನ್ಯ ಡಾಲ್ಫಿನ್ ಇವುಗಳ ನಡುವೆಯೂ ಹಿಂದೆ ಬೆರಕೆ ಧಾರಾಳವಾಗಿ ನಡೆದಿದೆಯೆಂದು ಈಚಿನ ಪೂರ್ಣ ಜೀನೋಮ್ ಮಟ್ಟದ ಅಧ್ಯಯನಗಳು ತೋರಿಸುತ್ತಿವೆ. ಅಡಂಕಸ್ ಯಾರಿಗೆ ಹತ್ತಿರ ಎಂಬ ವಾದ ಮುಗಿಯದಿರುವುದು ಇದೇ ಕಾರಣಕ್ಕೆ. ಅದು ಪ್ರತ್ಯೇಕ ಪ್ರಭೇದ ಎಂಬುದರಲ್ಲಿ ಮಾತ್ರ ತಕರಾರಿಲ್ಲ.

ಪ್ರಭೇದಗಳು ಹೆಚ್ಚುವುದೊಂದೇ ಇಲ್ಲಿ ನಡೆಯುವ ಕೆಲಸ ಎಂದುಕೊಳ್ಳಬೇಡಿ. ಉದ್ದ ಮೂತಿಯ ಸಾಮಾನ್ಯ ಡಾಲ್ಫಿನ್ ಎಂಬ ಪ್ರತ್ಯೇಕ ಪ್ರಭೇದವನ್ನು 1994ರಲ್ಲಿ ಒಪ್ಪಿಕೊಳ್ಳಲಾಗಿತ್ತು. ಜಗತ್ತಿನ ಬೇರೆ ಬೇರೆ ಕಡಲುಗಳ ಉದ್ದ ಮೂತಿಗಳ ಡಿಎನ್‌ಎ ಕೂಡಿಸಿ ನೋಡಿದಾಗ ಅವು ಒಂದು ವಂಶವೇ ಆಗಿರಲಿಲ್ಲ. ದಂಡೆಯ ಬಳಿ ಬದುಕಿದ ಗುಂಪುಗಳಲ್ಲಿ ಮೂತಿ ಅಲ್ಲಲ್ಲೇ ಉದ್ದವಾಗಿತ್ತು. 2016ರಲ್ಲಿ ಆ ಹೆಸರನ್ನು ಪ್ರಭೇದಗಳ ಪಟ್ಟಿಯಿಂದ ಕೈಬಿಟ್ಟರು.

ನನಗೆ ಅತ್ಯಂತ ಇಷ್ಟವಾದ ಅಧ್ಯಾಯ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬ ಕೊಲ್ಲಿಯದು. ಅಲ್ಲಿರುವುದೂ ನಮ್ಮ ದಂಡೆಯ ಬಾಟಲಿಮೂತಿಯ ಜಾತಿಯೇ. 1984ರಲ್ಲಿ ಅಲ್ಲಿನ ಒಂದು ಡಾಲ್ಫಿನ್ ಮೂತಿಯ ಮೇಲೆ ಏನೋ ಗಂಟು ಹೊತ್ತುಕೊಂಡು ಈಜುವುದನ್ನು ಕಂಡರು. ಮೊದಲಿಗೆ ಗಡ್ಡೆ ಇರಬೇಕೆಂದುಕೊಂಡರು. ಅದು ಕಡಲ ತಳದಿಂದ ಕಿತ್ತ ಸ್ಪಂಜು. ಆಳದ ಕಾಲುವೆಗಳ ತಳದಲ್ಲಿ ಮರಳು, ಚೂಪು ಕಲ್ಲು, ಚಿಪ್ಪಿನ ಚೂರು ತುಂಬಿರುತ್ತದೆ. ಅದರಡಿ ಹುದುಗಿರುವ ಮೀನುಗಳಲ್ಲಿ ಗಾಳಿಚೀಲವಿಲ್ಲ, ಆದ್ದರಿಂದ ಬೇಟೆ ಹುಡುಕಲು ಡಾಲ್ಫಿನ್ ಹೊರಡಿಸುವ ಶಬ್ದ ಅವುಗಳಿಗೆ ಬಡಿದು ಸರಿಯಾಗಿ ಮರಳಿ ಬರುವುದಿಲ್ಲ. ಕಾಣದ, ಕೇಳದ ಮೀನನ್ನು ಎಬ್ಬಿಸಬೇಕೆಂದರೆ ಮೂತಿಯಿಂದಲೇ ತಳ ಕೆದಕಬೇಕು. ಸ್ಪಂಜು ತೊಟ್ಟ ಮೂತಿಗೆ ಗಾಯವಾಗುವುದಿಲ್ಲ. ಮೀನು ಎದ್ದು ಓಡಿದೊಡನೆ ಸ್ಪಂಜನ್ನು ಎಸೆದು ಹಿಡಿಯುತ್ತದೆ, ಮತ್ತೆ ಬಂದು ಸ್ಪಂಜನ್ನು ಹಾಕಿಕೊಳ್ಳುತ್ತದೆ.

ಈ ವಿದ್ಯೆ ಎಲ್ಲವಕ್ಕೂ ಬರುವುದಿಲ್ಲ. ಮೈಕೆಲ್ ಕ್ರುಟ್ಸನ್ ತಂಡ 2005ರಲ್ಲಿ ಸ್ಪಂಜು ಹೊರುವವುಗಳ ಮೈಟೊಕಾಂಡ್ರಿಯಾ ನೋಡಿದರೆ ಬಹುಪಾಲು ಒಂದೇ ತಾಯಿವಂಶದವು. ವಂಶವಾಹಿಯೇ ಈ ನಡವಳಿಕೆಯನ್ನು ತರುತ್ತದೆಯೇ ಎಂದು ಹಲವು ಸಾಧ್ಯತೆಗಳನ್ನು ಪರೀಕ್ಷಿಸಿದರು, ಯಾವುದೂ ಹೊಂದಲಿಲ್ಲ. ಮರಿ ಮೂರ್ನಾಲ್ಕು ವರ್ಷ ತಾಯಿಯ ಮಗ್ಗುಲಲ್ಲೇ ಇರುತ್ತದೆ, ನೋಡಿ ಕಲಿಯುತ್ತದೆ. ಹೆಣ್ಣುಮಕ್ಕಳು ಹೆಚ್ಚಾಗಿ ಕಲಿತು ಮುಂದುವರಿಸುತ್ತವೆ, ಗಂಡುಗಳು ಕಡಿಮೆ. ಹೀಗೆ ಕಲಿಕೆಯೂ ಮೈಟೊಕಾಂಡ್ರಿಯಾವೂ ಒಂದೇ ದಾರಿಯಲ್ಲಿ, ತಾಯಿಯಿಂದ ಮಗಳಿಗೆ ಸಾಗುತ್ತವೆ. 2014ರಲ್ಲಿ ಅನ್ನಾ ಕೋಪ್ಸ್ ಮತ್ತು ಸಂಗಡಿಗರು ಒಂದು ಹೆಜ್ಜೆ ಮುಂದೆ ಹೋಗಿ, ಆಳದ ಕಾಲುವೆಯ ಡಾಲ್ಫಿನ್‌ಗಳಿಗೂ ಪಕ್ಕದ ತೆಳುನೀರಿನವುಗಳಿಗೂ ತಾಯಿವಂಶಗಳೇ ಬೇರೆ ಎಂದು ತೋರಿಸಿದರು. ನಡುವೆ ಗೋಡೆಯಿಲ್ಲ, ಈಜಿಕೊಂಡು ಹೋಗಬಹುದಾದ ದೂರವೇ. ಬೇಟೆಯ ವಿದ್ಯೆ ತಾಯಿಯಿಂದ ಬಂದದ್ದು, ಆ ವಿದ್ಯೆ ನಡೆಯುವ ಜಾಗವೂ ತಾಯಿಯದೇ. ಪ್ರಾಣಿಗಳ ಸಂಸ್ಕೃತಿ ಅವುಗಳ ವಂಶವಾಹಿಯ ಹಂಚಿಕೆಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಓದಿಲ್ಲ.

ಓರ್ಕಾಗಳಲ್ಲೂ ಇದೇ ಬಗೆಯ ಕಥೆಯಿದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹೆಚ್ಚಾಗಿ ಸಾಲ್ಮನ್ ಮೀನು ತಿನ್ನುವ ಓರ್ಕಾಗಳೂ ಸೀಲ್ ಬೇಟೆಯಾಡುವ ಓರ್ಕಾಗಳೂ ಒಂದೇ ನೀರಿನಲ್ಲಿ ಓಡಾಡುತ್ತವೆ, ಒಂದಾಗುವುದಿಲ್ಲ. ಮೀನು ತಿನ್ನುವವುಗಳಲ್ಲಿ ಗಂಡುಮಕ್ಕಳೂ ಜೀವಮಾನವಿಡೀ ತಾಯಿಯ ಗುಂಪು ಬಿಡುವುದಿಲ್ಲ. ಫಿಲಿಪ್ ಮೊರಿನ್ ತಂಡ 2010ರಲ್ಲಿ 139 ಓರ್ಕಾಗಳ ಇಡೀ ಮೈಟೊಕಾಂಡ್ರಿಯಾ ಡಿಎನ್‌ಎ ಓದಿ, ಸೀಲ್ ಬೇಟೆಗಾರರ ತಾಯಿವಂಶ ಸುಮಾರು ಏಳು ಲಕ್ಷ ವರ್ಷಗಳ ಹಿಂದೆಯೇ ಬೇರೆಯಾಗಿದೆ ಎಂದಿತು.

ಇನ್ನು ನಮ್ಮ ದಂಡೆ. ಕಾರವಾರ, ಗೋಕರ್ಣ, ಮಲ್ಪೆಯ ಕಡೆ ದೋಣಿಯಲ್ಲಿ ಹೋದವರಿಗೆ ದಡದಿಂದ ಹೆಚ್ಚು ದೂರವಿಲ್ಲದೆಯೇ ಕಾಣುವುದು ಬಹುತೇಕ ಗೂನುಬೆನ್ನಿನ ಡಾಲ್ಫಿನ್. ಬೆನ್ನಿನ ಮೇಲೊಂದು ಉದ್ದನೆಯ ದಿಬ್ಬ, ಅದರ ಮೇಲೆ ಪುಟ್ಟ ರೆಕ್ಕೆ, ಸೀಸದ ಬಣ್ಣ. ಫ್ರಾನ್ಸಿನ ಕುವಿಯೆ 1829ರಲ್ಲಿ ಇದಕ್ಕೆ ‘ಪ್ಲಂಬಿಯಾ’ ಎಂಬ ಹೆಸರು ಕೊಟ್ಟದ್ದು ಮಲಬಾರ್ ತೀರದ ಮಾದರಿಯಿಂದ. ಆಮೇಲೆ ಇದನ್ನು ಚೀನಾ ತೀರದ, ಬೆಳೆದಂತೆ ಗುಲಾಬಿ ಬಿಳುಪಿಗೆ ತಿರುಗುವ ಜಾತಿಯೊಂದಿಗೆ ಒಟ್ಟುಗೂಡಿಸಿ ಆ ಹೆಸರನ್ನು ಮೂಲೆಗಿಟ್ಟರು. 2013ರಲ್ಲಿ ಮಾರ್ಟಿನ್ ಮೆಂಡೆಜ್ ಮತ್ತು ಸಂಗಡಿಗರು ಮೈಟೊಕಾಂಡ್ರಿಯಾ, ಕೋಶಕೇಂದ್ರದ ಡಿಎನ್‌ಎ, ತಲೆಬುರುಡೆ ಮೂರನ್ನೂ ಕೂಡಿಸಿ ನೋಡಿದರು. ಮರುವರ್ಷ ಜೆಫರ್ಸನ್ ಮತ್ತು ರೋಸೆನ್‌ಬಾಮ್ ಇವನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದರು. ನಮ್ಮದು ಮತ್ತೆ ಪ್ಲಂಬಿಯಾ ಆಯಿತು. ಕೂಡಲೇ ಅದರ ಸ್ಥಿತಿಗತಿಯನ್ನು ಪ್ರತ್ಯೇಕವಾಗಿ ಅಳೆಯಬೇಕಾಗಿ ಬಂತು. ದಕ್ಷಿಣ ಆಫ್ರಿಕಾದಿಂದ ಭಾರತದ ತನಕ ದಡಕ್ಕೆ ಅಂಟಿಕೊಂಡು ತುಂಡು ತುಂಡಾಗಿ ಹರಡಿರುವ, ಮೀನುಬಲೆಗೆ ಸುಲಭವಾಗಿ ಸಿಕ್ಕಿಬೀಳುವ ಈ ಪ್ರಾಣಿ ಅಳಿವಿನಂಚಿನದೆಂದು ಕೆಂಪುಪಟ್ಟಿಗೆ ಸೇರಿತು. ಬಂಗಾಳ ಕೊಲ್ಲಿಯ ಕಡೆ ನೋಡಿದರೆ ಬಾಂಗ್ಲಾದೇಶದ ಗೂನುಬೆನ್ನಿನವು ಎರಡೂ ಬದಿಯ ನೆರೆಯವರಿಗಿಂತ ಬೇರೆಯದೇ ಆದ ತಾಯಿವಂಶ ಹೊಂದಿವೆ. ಹಾಗಾಗಿ ನಮ್ಮ ಉಪಖಂಡದ ಸುತ್ತಲಿನ ಪ್ರತಿ ಮಾದರಿಯೂ ಮುಖ್ಯ.

ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಬಲೆಗೆ ಸಿಕ್ಕು ಸತ್ತ, ದಂಡೆಗೆ ಬಿದ್ದ ಪ್ರಾಣಿಗಳಿಂದ ಡಿಎನ್‌ಎ ಓದುವ ಕೆಲಸವನ್ನು ಮಾಡುತ್ತ ಬಂದಿದೆ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಮರಳಿನ ಮೇಲೂ ಆಗಾಗ ಡಾಲ್ಫಿನ್ ಕಳೇಬರ ಬಂದು ಬೀಳುತ್ತದೆ. ಸುದ್ದಿಯಾಗುತ್ತದೆ, ಫೋಟೊ ತೆಗೆಯುತ್ತಾರೆ, ಅರಣ್ಯ ಇಲಾಖೆಯವರು ಬಂದು ಹೂಳಿಸುತ್ತಾರೆ. ಹೂಳುವ ಮುನ್ನ ಉಗುರಿನಗಲದ ಚರ್ಮದ ಚೂರನ್ನು ತೆಗೆದಿಡುವುದು ಕಡ್ಡಾಯವಾಗಬೇಕು ಎಂಬುದು ನನ್ನ ಬಲವಾದ ಒತ್ತಾಯ. ಕಾನೂನಿನ ರಕ್ಷಣೆಯಿರುವ ಪ್ರಾಣಿಯಾದ್ದರಿಂದ ಇದನ್ನು ದಾರಿಹೋಕರು ಮಾಡುವಂತಿಲ್ಲ, ಇಲಾಖೆಯ ಸಿಬ್ಬಂದಿಯೇ ಮಾಡಬೇಕು. ದಿನಾಂಕ, ಜಾಗ, ಉದ್ದ, ಹೆಣ್ಣೋ ಗಂಡೋ ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಟ್ಟರೆ ಸಾಕು. ಫಾರ್ಮಲಿನ್‌ನಲ್ಲಿ ಮಾತ್ರ ಹಾಕಬಾರದು, ಅದು ಡಿಎನ್‌ಎಯನ್ನು ಕೆಡಿಸುತ್ತದೆ. ಎಥನಾಲ್ ಒಳ್ಳೆಯದು. ಅದು ಕೈಗೆ ಸಿಗದಿದ್ದರೆ, ಮೀನು ಒಣಗಿಸಲು ಬಂದರಿನಲ್ಲಿ ರಾಶಿ ಹಾಕಿರುವ ಉಪ್ಪಿನಲ್ಲೇ ಆ ಚೂರನ್ನು ಹುದುಗಿಸಿಟ್ಟು ಪ್ರಯೋಗಾಲಯಕ್ಕೆ ಕಳಿಸಿದರೂ ಅಲ್ಲಿ ಅದನ್ನು ಓದಬಹುದು.